ಹಳೆಯ ಸ್ಪ್ರಿಂಗ್ ಪಟ್ಟಿ: ಗಾಡಿಗೋ, ಕುಲುಮೆಗೋ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳಲ್ಲಿ ಟೈರುಗಾಡಿ ಇಲ್ಲದ ಊರು ವಿರಳ. ಗುಜರಿಯಿಂದ ತಂದ ಅಚ್ಚು, ಸವೆದ ಟೈರು, ಸ್ಥಳೀಯ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಚೌಕಟ್ಟು ಇಷ್ಟು ಸೇರಿದರೆ ಗಾಡಿ ಸಿದ್ಧವಾಗುತ್ತದೆ. ಇಂಥ ಗಾಡಿಗಳಲ್ಲಿ ಹಲವಕ್ಕೆ ಸ್ಪ್ರಿಂಗ್ ಇರುವುದಿಲ್ಲ. ಗುಂಡಿಯ ಪ್ರತಿ ಹೊಡೆತವೂ ಎತ್ತಿನ ಹೆಗಲಿಗೆ ಮತ್ತು ಹೇರಿದ ಮಾಲಿಗೆ ನೇರವಾಗಿ ಮುಟ್ಟುತ್ತದೆ. ಬಿತ್ತನೆ ಕಬ್ಬಿನ ಕಣ್ಣು ಜಜ್ಜಿದರೆ ಮೊಳಕೆ ಕಡಿಮೆಯಾಗುತ್ತದೆ. ದ್ರಾಕ್ಷಿ, ಟೊಮ್ಯಾಟೊ ಕುಲುಕಿದರೆ ಬೆಲೆ ಇಳಿಯುತ್ತದೆ. ಆದ್ದರಿಂದ ಹಳೆಯ ಕಾರಿನ ಸ್ಪ್ರಿಂಗ್ ಪಟ್ಟಿಗಳನ್ನು ಗಾಡಿಗೆ ಜೋಡಿಸುವ ಯೋಚನೆ ಸರಿಯಾದದ್ದೇ. ಆದರೆ ಯಾವ ಪಟ್ಟಿ ಗಾಡಿಗೆ, ಯಾವುದು ಕುಲುಮೆಗೆ ಎಂಬುದನ್ನು ಕೊಳ್ಳುವ ಮುನ್ನವೇ ತಿಳಿದಿರಬೇಕು.

ಪಟ್ಟಿಯ ಗುಣ ಎಲ್ಲಿದೆ?

ಲಾರಿಯವರು ಪ್ಲೇಟು ಅಥವಾ ಪಾಟಾ ಎನ್ನುವ ಈ ಪಟ್ಟಿ ಸಾಮಾನ್ಯ ಕಬ್ಬಿಣವಲ್ಲ. ಇದು ಸುಮಾರು ಶೇ. 0.5ರಿಂದ 0.6ರಷ್ಟು ಇಂಗಾಲವಿರುವ ಉಕ್ಕು. ಇದರಲ್ಲಿ ಸಿಲಿಕಾನ್ ಮತ್ತು ಮ್ಯಾಂಗನೀಸ್, ಇಲ್ಲವೆ ಕ್ರೋಮಿಯಂ ಬೆರೆತಿರುತ್ತದೆ. ಕಾರ್ಖಾನೆಯಲ್ಲಿ ಇದನ್ನು ಕೆಂಪಗೆ ಕಾಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಬಿಸಿ ಮಾಡಿರುತ್ತಾರೆ. ಬಾಗಿ ಮತ್ತೆ ಮೊದಲಿನಂತಾಗುವ ಗುಣ ಬರುವುದು ಈ ಹದದಿಂದ. ಒಮ್ಮೆ ಬೆಂಕಿ ಅಥವಾ ವೆಲ್ಡಿಂಗ್ ತಗುಲಿದರೆ ಆ ಜಾಗದಲ್ಲಿ ಹದ ಕೆಡುತ್ತದೆ. ಅದು ನೋಡಲು ಪಟ್ಟಿಯಂತೆಯೇ ಇದ್ದರೂ ಸ್ಪ್ರಿಂಗ್ ಆಗಿ ಉಳಿಯುವುದಿಲ್ಲ. ಹೊರೆ ಹೇರಿದ ದಿನ ಅಲ್ಲಿಯೇ ಮುರಿಯುತ್ತದೆ.

ಹೊರೆಯ ಲೆಕ್ಕ

ಅಂಬಾಸಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಆದರೂ ಅದರ ಹಿಂಭಾಗದ ಪಟ್ಟಿಗಳನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಐದು ಜನ ಕುಳಿತಾಗ ಕಾರಿನ ಒಟ್ಟು ತೂಕ ಸುಮಾರು ಒಂದೂವರೆ ಟನ್. ಹಿಂದಿನ ಎರಡು ಸ್ಪ್ರಿಂಗ್‌ಗಳು ಹೊರುವುದು ಅದರಲ್ಲಿ ಹೆಚ್ಚು ಕಡಿಮೆ ಅರ್ಧ, ಅಂದರೆ ಸುಮಾರು 750 ಕಿಲೊ. ಎರಡು ಚಕ್ರದ ಗಾಡಿಯಲ್ಲಾದರೋ ಬಹುಪಾಲು ಭಾರ ಒಂದೇ ಅಚ್ಚಿನ ಮೇಲೆ ಬೀಳುತ್ತದೆ. ಚೌಕಟ್ಟು, ಹಲಗೆಗಳ ತೂಕ ಕಳೆದರೆ ಮಾಲಿಗೆ ಉಳಿಯುವುದು ಅರ್ಧ ಟನ್ ಮಾತ್ರ. ಹಾಲು, ಮೇವು, ತರಕಾರಿ, ಸ್ವಲ್ಪ ಬಿತ್ತನೆ ಕಬ್ಬಿಗೆ ಇದು ಸಾಕು. ಕಾರ್ಖಾನೆಗೆ ಟನ್ನುಗಟ್ಟಲೆ ಕಬ್ಬು ಹೇರುವ ಗಾಡಿಗೆ ಕಾರಿನ ಪಟ್ಟಿ ಖಂಡಿತ ಸಲ್ಲದು. ಟ್ರ್ಯಾಕ್ಟರಿನ ಟ್ರೇಲರಿಗೂ ಇದನ್ನು ಹಾಕಬಾರದು.

ಸ್ಪ್ರಿಂಗ್ ಹಾಕಿದ ಮಾತ್ರಕ್ಕೆ ಎತ್ತಿನ ಶಕ್ತಿ ಹೆಚ್ಚುವುದಿಲ್ಲ ಎಂಬುದನ್ನೂ ಮರೆಯಬಾರದು. ದುಡಿಯುವ ಪ್ರಾಣಿಗಳ ಹಿಂಸೆ ತಡೆಗೆಂದು 1965ರಲ್ಲಿ ಬಂದ ನಿಯಮಗಳು ಎತ್ತಿನ ಗಾತ್ರ ಮತ್ತು ಗಾಡಿಯ ಚಕ್ರವನ್ನು ನೋಡಿ ಹೊರೆಗೆ ಮಿತಿ ಹಾಕಿವೆ.

ಗುಜರಿಯಲ್ಲಿ ಪರೀಕ್ಷೆ

1. ಎರಡೂ ಬದಿಯ ಪಟ್ಟಿಗಳು ಒಂದೇ ಮಾದರಿಯ ಕಾರಿನವಾಗಿರಲಿ. ಪಟ್ಟಿಗಳ ಸಂಖ್ಯೆ, ಉದ್ದ, ದಪ್ಪ ಮತ್ತು ಬಾಗು ಸಮವಾಗಿರಬೇಕು. ಎರಡು ಕಿವಿಗಳ ನಡುವೆ ದಾರ ಬಿಗಿದು, ನಡುವಿನ ಆಳವನ್ನು ಅಳೆದು ನೋಡಿರಿ.

2. ತುಕ್ಕು ತಿಂದ ಪಟ್ಟಿ ಬೇಡ. 8 ಮಿ.ಮೀ. ದಪ್ಪದ ಪಟ್ಟಿ ಸವೆದು 7 ಮಿ.ಮೀ. ಆದರೆ ಅದರ ಬಿಗುವು ಎಂಟರಲ್ಲಿ ಒಂದು ಪಾಲಲ್ಲ, ಸುಮಾರು ಮೂರರಲ್ಲಿ ಒಂದು ಪಾಲು ಕುಗ್ಗುತ್ತದೆ.

3. ಬಿರುಕು ಹುಡುಕಲು ಪಟ್ಟಿಗಳನ್ನು ಬಿಚ್ಚಿ ತಂತಿಯ ಬ್ರಷ್‌ನಿಂದ ತಿಕ್ಕಿ, ಸೀಮೆಎಣ್ಣೆ ಸವರಿ ಅರ್ಧ ಗಂಟೆ ಬಿಡಿರಿ. ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಹಚ್ಚಿರಿ. ಬಿರುಕಿದ್ದಲ್ಲಿ ಎಣ್ಣೆ ಹೊರಬಂದು ತೇವದ ಗೆರೆ ಕಾಣುತ್ತದೆ. ನಡುವಿನ ರಂಧ್ರದ ಸುತ್ತ ಹಾಗೂ ಕಿವಿಯ ಬುಡದಲ್ಲಿ ವಿಶೇಷವಾಗಿ ನೋಡಬೇಕು.

4. ವೆಲ್ಡಿಂಗ್ ಗುರುತು, ಬೆಂಕಿ ತಗುಲಿ ನೀಲಿಯಾದ ಕಲೆ ಇದ್ದರೆ ಆ ಪಟ್ಟಿಯನ್ನು ಗಾಡಿಗೆ ಬಳಸಬಾರದು.

ಸುರುಳಿ ಸ್ಪ್ರಿಂಗ್ ಗಾಡಿಗೆ ಹೊಂದುವುದಿಲ್ಲ. ಪಟ್ಟಿ ಅಚ್ಚನ್ನು ತಾನೇ ಹಿಡಿದಿಡುತ್ತದೆ. ಸುರುಳಿಗೆ ಬೇರೆ ತೋಳುಗಳು ಬೇಕು. ಕಾರಿನಲ್ಲಿ ಅದುಮಿ ಕೂರಿಸಿದ ಸುರುಳಿಯನ್ನು ತಕ್ಕ ಸಾಧನವಿಲ್ಲದೆ ಬಿಚ್ಚಿದರೆ ಸಿಡಿದು ಪ್ರಾಣಕ್ಕೇ ಅಪಾಯ. ಷಾಕ್ ಅಬ್ಸಾರ್ಬರಿನ ಕೊಳವೆಯೊಳಗೆ ಎಣ್ಣೆ ಇರುತ್ತದೆ, ಹಲವದರಲ್ಲಿ ಒತ್ತಡದ ಅನಿಲವೂ ಇರುತ್ತದೆ. ಅದನ್ನು ಕಾಸುವುದಾಗಲಿ, ಗ್ಯಾಸ್‌ನಿಂದ ಕತ್ತರಿಸುವುದಾಗಲಿ ಕೂಡದು.

ಜೋಡಿಸುವ ಕ್ರಮ

ಚೌಕಟ್ಟಿಗೆ ಬ್ರಾಕೆಟ್ ವೆಲ್ಡ್ ಮಾಡುವಾಗ ಪಟ್ಟಿಗಳನ್ನು ದೂರವಿಡಿರಿ. ಕಿಡಿ ಬಿದ್ದ ಚುಕ್ಕೆಯಿಂದಲೂ ಬಿರುಕು ಮೂಡಬಲ್ಲದು. ಪಟ್ಟಿಯ ಒಂದು ಕಿವಿಯನ್ನು ಎತ್ತಿನ ಕಡೆಗೆ ಪಿನ್ ಹಾಕಿ ನಿಲ್ಲಿಸಬೇಕು. ಹಿಂದಿನ ಕಿವಿಯನ್ನು ತೂಗಾಡುವ ಶಾಕಲ್‌ಗೆ ಸೇರಿಸಬೇಕು. ಹೊರೆ ಬಿದ್ದಾಗ ಪಟ್ಟಿ ಚಪ್ಪಟೆಯಾಗಿ ಉದ್ದವಾಗುತ್ತದೆ. ಎರಡೂ ತುದಿ ಬಿಗಿದರೆ ಅದಕ್ಕೆ ಎಡೆ ಇಲ್ಲದೆ ಕಿವಿ ಮುರಿಯುತ್ತದೆ.

ನಡುವಿನ ಬೋಲ್ಟಿನ ತಲೆ ಅಚ್ಚಿನ ಮೇಲಿನ ಕುಳಿಯಲ್ಲಿ ಸರಿಯಾಗಿ ಕೂರಬೇಕು. ಆದರೆ ಅಚ್ಚನ್ನು ಬಿಗಿಹಿಡಿಯುವುದು ಆ ಬೋಲ್ಟಲ್ಲ, ಯು-ಬೋಲ್ಟುಗಳು. ಇವು ಸಡಿಲಾದರೆ ಪಟ್ಟಿ ನಡುರಂಧ್ರದಲ್ಲಿ ತುಂಡಾಗುತ್ತದೆ. ಯು-ಬೋಲ್ಟು, ನಟ್ಟು, ಬುಷ್ ಇವನ್ನು ಹೊಸದಾಗಿಯೇ ಕೊಳ್ಳಿರಿ. ಉಳಿತಾಯ ಮಾಡುವ ಜಾಗ ಇದಲ್ಲ. ನಟ್ಟುಗಳನ್ನು ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು. ಮೊದಲ ಹೊರೆಯ ನಂತರ ಒಮ್ಮೆ, ವಾರದ ನಂತರ ಮತ್ತೊಮ್ಮೆ ಬಿಗಿಯಬೇಕು.

ಮೂಕಿಯ ತುದಿಯಿಂದ ಅಚ್ಚಿನ ಎರಡೂ ಕೊನೆಗಳಿಗೆ ಅಳತೆ ಸಮವಿರಲಿ. ಇಲ್ಲವಾದರೆ ಗಾಡಿ ಓರೆಯಾಗಿ ಎಳೆದು ಒಂದೇ ಎತ್ತು ದಣಿಯುತ್ತದೆ. ಸ್ಪ್ರಿಂಗ್‌ನಿಂದ ಗಾಡಿ ಎತ್ತರವಾಗುವುದರಿಂದ ನೊಗದ ಮಟ್ಟವನ್ನೂ ಸರಿಪಡಿಸಬೇಕು. ಪೂರ್ತಿ ಹೇರಿದಾಗ ಟೈರಿಗೂ ಹಲಗೆಗೂ ನಡುವೆ ಮೂರು ಅಂಗುಲ ಅಂತರ ಉಳಿಯಬೇಕು.

ಉಳಿದದ್ದು ಕುಲುಮೆಗೆ

ಪರೀಕ್ಷೆಯಲ್ಲಿ ಸೋತ ಪಟ್ಟಿ ವ್ಯರ್ಥವಲ್ಲ. ಬಿರುಕಿನ ಭಾಗ ಕತ್ತರಿಸಿ ತೆಗೆದರೆ ಉಳಿದದ್ದು ಕಬ್ಬು ಕಡಿಯುವ ಕೊಯ್ತಾ, ಕುಡುಗೋಲು, ಕುರ್ಪಿ, ಕುಂಟೆಯ ಅಲಗುಗಳಿಗೆ ಉತ್ತಮ ಉಕ್ಕು. ಬಡಿದು ರೂಪ ಕೊಟ್ಟ ನಂತರ ಅಂಚನ್ನು ಅಯಸ್ಕಾಂತ ಹಿಡಿಯದಷ್ಟು ಕೆಂಪಗೆ, ಅದಕ್ಕಿಂತ ತುಸು ಹೆಚ್ಚಾಗಿ ಕಾಸಿ ಎಣ್ಣೆಯಲ್ಲಿ ಅದ್ದಬೇಕು. ನೀರಿನಲ್ಲಿ ಅದ್ದಿದರೆ ಈ ಉಕ್ಕು ಸೀಳುವ ಸಂಭವವುಂಟು. ಬಳಿಕ ತಿಕ್ಕಿ ಹೊಳಪು ಮಾಡಿ, ಬೆನ್ನಿನ ಕಡೆಯಿಂದ ನಿಧಾನವಾಗಿ ಬಿಸಿ ಮಾಡಿರಿ. ಅಂಚಿನಲ್ಲಿ ಹುಲ್ಲಿನ ಹಳದಿ ಬಣ್ಣ ದಾಟಿ ಕಂದು ಮೂಡಿದಾಗ ನಿಲ್ಲಿಸಬೇಕು. ಹೀಗೆ ಹದ ಮಾಡದ ಕೊಯ್ತಾ ಗಾಜಿನಂತೆ ಸಿಡಿದು ಕಡಿಯುವವರ ಕೈಕಾಲಿಗೆ ತಾಗೀತು.

ಕುಲುಮೆಗೆ ಹೋದ ಪಟ್ಟಿಯನ್ನು ಮಾತ್ರ ಮತ್ತೆ ಗಾಡಿಯ ಕೆಳಗೆ ತರಬೇಡಿರಿ. ಇಳಿಜಾರಿನಲ್ಲಿ ಒಂದು ಪಟ್ಟಿ ಮುರಿದರೆ ಗಾಡಿ ಆ ಬದಿಗೆ ವಾಲಿ, ಹೊರೆ ಎತ್ತಿನ ಮೇಲೋ ಪಕ್ಕದಲ್ಲಿ ನಡೆಯುವವರ ಮೇಲೋ ಬೀಳುತ್ತದೆ. ಗುಜರಿಗೆ ಹೋಗುವಾಗ ದಾರ, ಅಳತೆಪಟ್ಟಿ, ಬ್ರಷ್, ಸೀಮೆಎಣ್ಣೆ, ಸೀಮೆಸುಣ್ಣ ಜೊತೆಗಿರಲಿ. ಪರೀಕ್ಷೆಗೆ ಬಿಚ್ಚಿ ತೋರಿಸಲು ಒಪ್ಪದ ಅಂಗಡಿಯಿಂದ ಪಟ್ಟಿ ಕೊಳ್ಳಬೇಡಿರಿ.