ಗೇಟು ಹೋಯಿತು, ನೀರು ಉಳಿಯಿತು

ಹೊಸಪೇಟೆ: ಡ್ಯಾಮಿನಲ್ಲಿ ನೀರಿದ್ದರೆ ಗಲ್ಲಾಪೆಟ್ಟಿಗೆಯಲ್ಲಿ ಕಾಸು. ಹೊಸಪೇಟೆ, ಕಂಪ್ಲಿಯ ಅಂಗಡಿಕಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ರೈತರ ಭತ್ತ ಮಾರಾಟವಾದ ಮೇಲೆಯೇ ಬಟ್ಟೆ ಅಂಗಡಿಯ ಉದ್ರಿ ಚುಕ್ತಾ ಆಗುವುದು. ಆದ್ದರಿಂದಲೇ 2024ರ ಆಗಸ್ಟ್ 10ರ ಶನಿವಾರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಸರಪಳಿ ಕಡಿದು ಕೊಚ್ಚಿಹೋದಾಗ ಊರಿಗೆ ಊರೇ ನಿದ್ದೆಗೆಟ್ಟಿತು.

ಅವತ್ತು ಡ್ಯಾಮು ತುಂಬಿ ತುಳುಕುತ್ತಿತ್ತು. 105 ಟಿಎಂಸಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಒಂದೇ ಗೇಟಿನ ಮೇಲೆ ಒತ್ತಡ ಬೀಳಬಾರದೆಂದು ಉಳಿದ ಗೇಟುಗಳನ್ನೂ ಎತ್ತಬೇಕಾಯಿತು. ಹಂಪಿ, ಕಂಪ್ಲಿ ಕಡೆಯ ಹೊಳೆದಂಡೆಯವರಿಗೆ ಎಚ್ಚರಿಕೆ ಹೋಯಿತು. ದುರಸ್ತಿ ಆಗಬೇಕಾದರೆ 60 ಟಿಎಂಸಿಯಷ್ಟು ನೀರು ಹೊರಗೆ ಬಿಡಲೇಬೇಕು ಎಂಬ ಮಾತು ಸರಕಾರದ ಕಡೆಯಿಂದಲೇ ಬಂತು. ಗೇಟು ಕೂರುವ ಕಟ್ಟೆ ನೀರಿನಿಂದ ಮೇಲೆ ಕಾಣಿಸುವ ತನಕ ಕೈಯಿಡುವಂತಿಲ್ಲ ಎಂಬುದು ಲೆಕ್ಕ. ಹಾಗಾಗಿದ್ದರೆ ಎರಡನೇ ಬೆಳೆ ಇರಲಿ, ನಾಟಿ ಮಾಡಿದ ಮೊದಲ ಬೆಳೆಗೇ ಸಂಚಕಾರ.

ಆಗ ಬಂದವರು ಕನ್ನಯ್ಯ ನಾಯ್ಡು. ಎಂಬತ್ತರ ಹತ್ತಿರದ ವಯಸ್ಸು, ಗೇಟುಗಳಲ್ಲೇ ನುರಿತ ಕೈ. ಹರಿಯುವ ನೀರಿನಲ್ಲೇ ತಡೆ ಇಳಿಸೋಣ ಎಂದರು. ಗೇಟು 60 ಅಡಿ ಅಗಲ, 20 ಅಡಿ ಎತ್ತರ. ಇಡಿಯಾಗಿ ಇಳಿಸುವುದು ಆಗದ ಮಾತು. ಆದ್ದರಿಂದ ನಾಲ್ಕು ನಾಲ್ಕು ಅಡಿಯ ಐದು ತುಂಡು. ಕಿರಾಣಿ ಅಂಗಡಿಯ ಬಾಗಿಲಿಗೆ ಹಲಗೆ ಮೇಲೆ ಹಲಗೆ ಸೇರಿಸುತ್ತಾರಲ್ಲ, ಹಾಗೆ. ಇದಕ್ಕೆ ಸ್ಟಾಪ್‌ಲಾಗ್ ಎಂದು ಹೆಸರು. ಹೊಸಪೇಟೆಯ ಕಾರ್ಖಾನೆಗಳಲ್ಲಿ, ತೋರಣಗಲ್ಲಿನ ಜಿಂದಾಲಿನಲ್ಲಿ ಹಗಲು ರಾತ್ರಿ ಕಬ್ಬಿಣ ಕಡಿದರು, ಬೆಸೆದರು. 16ರ ಶುಕ್ರವಾರ, ಮನೆಮನೆಯಲ್ಲಿ ವರಮಹಾಲಕ್ಷ್ಮಿ ಹಬ್ಬ. ಅತ್ತ ಡ್ಯಾಮಿನ ಮೇಲೆ ಕ್ರೇನು ಮೊದಲ ತುಂಡು ಕೂರಿಸಿತು. ಶನಿವಾರ ಐದೂ ಕೂತವು, ನೀರು ನಿಂತಿತು.

ಡ್ಯಾಮಿನಲ್ಲಿ ಆಗ ಉಳಿದದ್ದು 70 ಟಿಎಂಸಿಯ ಆಸುಪಾಸು. 60 ಹೋಗಬೇಕಿದ್ದ ಕಡೆ 35ರ ಹತ್ತಿರ ಹೋಗಿ ನಿಂತಿತು ಅಂತಾಯಿತು. ಮಳೆಯೂ ಕೈಬಿಡಲಿಲ್ಲ. ಸೆಪ್ಟೆಂಬರ್ 22ಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯ ಬಾಗಿನ ಬಿಟ್ಟರು. ನೀರು ಉಳಿಸುವುದೆಂದರೆ ಬರೀ ನಲ್ಲಿ ತಿರುಪುವುದು ಎಂದುಕೊಂಡವರು ಆ ವಾರವನ್ನು ನೆನೆಯಬೇಕು.

ಹಾಗಂತ ಕಥೆ ಅಲ್ಲಿಗೆ ಮುಗಿಯಲಿಲ್ಲ. ಉಳಿದ 32 ಗೇಟುಗಳೇನು ಹೊಸವೇ? 1953ರಲ್ಲಿ ಮುಗಿದ ಅಣೆಕಟ್ಟು ಅದು. ಎಲ್ಲ ಗೇಟೂ ಬದಲಾಗಬೇಕು ಎಂದು ತಜ್ಞರು ಹೇಳಿದರು. 2025ರ ಮಳೆಗಾಲದಲ್ಲಿ 80 ಟಿಎಂಸಿಗೆ ಮೇಲೆ ನಿಲ್ಲಿಸಲಿಲ್ಲ. ಗೇಟು ಬದಲಿಸಲೆಂದು ಆ ಸಲ ಎರಡನೇ ಬೆಳೆಗೂ ನೀರಿಲ್ಲ ಎಂದಾಯಿತು. ಹಿಂದಿನ ವರ್ಷ ಉಳಿಸಿಕೊಂಡ ಬೆಳೆಯನ್ನು ಆ ವರ್ಷ ತಾವಾಗಿಯೇ ಬಿಡಬೇಕಾಗಿ ಬಂದದ್ದು ರೈತರಿಗೆ ನುಂಗಲಾರದ ತುತ್ತು. ಅಕ್ಕಿ ಗಿರಣಿಗೂ, ಗೊಬ್ಬರದ ಅಂಗಡಿಗೂ ಅದೇ ಪಾಡು.

ಇನ್ನು ಹೂಳಿನ ಲೆಕ್ಕ. ಕಟ್ಟಿದಾಗ ಡ್ಯಾಮಿಗೆ 132 ಟಿಎಂಸಿ ಹಿಡಿಯುತ್ತಿತ್ತು. ಈಗಿನ ಲೆಕ್ಕಕ್ಕೆ 105. ಮಧ್ಯದ 27 ಟಿಎಂಸಿ ಜಾಗದಲ್ಲಿ ಮಣ್ಣು ಕೂತಿದೆ. ಆ ಒಂದು ವಾರ ಜೀವ ತೇದು ಉಳಿಸಿದ್ದಕ್ಕೆ ಹೆಚ್ಚುಕಡಿಮೆ ಸಮನಾದ ನೀರು ಒಳ್ಳೆಯ ಮಳೆಗಾಲದಲ್ಲಿ ಜಾಗವಿಲ್ಲದೆ ಹೊಳೆಗೆ ಹೋಗುತ್ತದೆ! ಅದಕ್ಕೆ ಕ್ರೇನೂ ಬರುವುದಿಲ್ಲ, ಹೊತ್ತಲ್ಲದ ಹೊತ್ತಿನಲ್ಲಿ ಮಂತ್ರಿಗಳೂ ಓಡಿಬರುವುದಿಲ್ಲ. ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟುವ ಮಾತು ವರ್ಷಗಳಿಂದ ಕಡತ ಸುತ್ತುತ್ತಿದೆ. 2017ರ ಬೇಸಿಗೆಯಲ್ಲಿ ರೈತರೇ ಕೈಯಿಂದ ದುಡ್ಡು ಹಾಕಿ ಹೂಳೆತ್ತಲು ಇಳಿದಿದ್ದರು. ಅಷ್ಟು ದೊಡ್ಡ ಕೆರೆಯಲ್ಲಿ ಅವರು ತೆಗೆದದ್ದು ಬೊಗಸೆಯಷ್ಟು.