ಹತ್ತಿದವರ ಲೆಕ್ಕ ಸಿಗುತ್ತದೆ, ಬಸ್ ತಪ್ಪಿದವರದು?

ಯಾದಗಿರಿ, ಶಹಾಪುರ, ಸುರಪುರ ಎಂದು ದಿನಾ ಬಸ್ಸಿನಲ್ಲಿ ಓಡಾಡುವ ಮಂದಿಗೆ ಒಂದು ಪ್ರಶ್ನೆ. ಕಂಡಕ್ಟರ್ ಕೈಯಲ್ಲಿನ ಮಷೀನು ಚೀಟಿ ಕೊಟ್ಟು ಸುಮ್ಮನಾಗುತ್ತದೆಯೇ? ಇಲ್ರಿ. ಎಲ್ಲಿ ಹತ್ತಿದಿರಿ, ಎಲ್ಲಿಗೆ ಹೊರಟಿರಿ, ಹೊತ್ತೆಷ್ಟು ಎಂಬುದನ್ನೆಲ್ಲ ಅದು ಒಳಗೇ ಬರೆದಿಟ್ಟುಕೊಳ್ಳುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳ ಶೂನ್ಯ ಟಿಕೆಟ್ಟಿಗೂ ಲೆಕ್ಕವುಂಟು. ಆ ಲೆಕ್ಕ ತೋರಿಸಿಯೇ ಸಾರಿಗೆ ನಿಗಮ ಸರಕಾರದಿಂದ ಹಣ ಕೇಳುವುದು.

ಇಂಥ ಲೆಕ್ಕ ರಾಶಿ ಬಿದ್ದಾಗ ಅದಕ್ಕೆ ಬಿಗ್ ಡೇಟಾ ಎನ್ನುತ್ತಾರೆ. ‘ಡಾಟಾ ಅಂದ್ರ ಮೊಬೈಲಿಗಿ ಹಾಕ್ಸೋದಲ್ಲೇನ್ರಿ’ ಎಂದು ನಗುವವರೇ ನಮ್ಮಲ್ಲಿ ಹೆಚ್ಚು. ಆದರೆ ಇದು ನಗುವ ಮಾತಲ್ಲ. ರಾಶಿ ದೊಡ್ಡದು, ಬರುವ ವೇಗ ಜೋರು, ಬಗೆ ಹಲವು. ಈ ಮೂರೂ ಕೂಡಿದರೆ ಖಾತೆವಹಿಗೆ ದಕ್ಕುವ ಲೆಕ್ಕ ಅದಲ್ಲ. ಕಂಪ್ಯೂಟರ್ ಸೋಸಬೇಕು, ಸೋಸುವುದನ್ನು ಕಲಿತ ಕೈ ಬೇಕು.

ಅಳೆಸಿಕೊಂಡ ಜಿಲ್ಲೆ

2009ರ ಡಿಸೆಂಬರ್ 30ರಂದು ಗುಲಬರ್ಗಾದಿಂದ ಬೇರೆಯಾದ ಜಿಲ್ಲೆ ನಮ್ಮದು. 2018ರ ಜನವರಿಯಲ್ಲಿ ಕೇಂದ್ರ ಸರಕಾರ ಹಿಂದುಳಿದ ಜಿಲ್ಲೆಗಳನ್ನು ಆರಿಸಿ ‘ಮಹತ್ವಾಕಾಂಕ್ಷಿ ಜಿಲ್ಲೆ’ ಎಂದು ಹೆಸರಿಟ್ಟಿತು. ಕರ್ನಾಟಕದಿಂದ ಆ ಪಟ್ಟಿ ಸೇರಿದ್ದು ಎರಡೇ: ರಾಯಚೂರು ಮತ್ತು ಯಾದಗಿರಿ. ಕೂಸಿನ ತೂಕದಿಂದ ಹಿಡಿದು ಶಾಲೆಯ ಶೌಚಾಲಯ, ಯುವಕರ ಕೌಶಲ್ಯ ತರಬೇತಿಯವರೆಗೆ 49 ಅಳತೆಗೋಲು ಹಾಕಿ ರ್‍ಯಾಂಕ್ ಕೊಟ್ಟರು. ಅಳೆದದ್ದು ನಮ್ಮನ್ನು. ಅಳತೆ ಓದಲು ನಮ್ಮ ಹುಡುಗರಿಗೆ ಬರುತ್ತದೆಯೇ?

ಬೆಳೆ ಸಮೀಕ್ಷೆಯನ್ನೇ ನೋಡಿ. ಹೊಲಕ್ಕೆ ಹೋಗಿ ಹತ್ತಿ, ತೊಗರಿ, ಭತ್ತದ ಫೋಟೋ ಹೊಡೆದು ಆಪ್‌ಗೆ ಏರಿಸುವವರು ಊರಿನ ಯುವಕರೇ. ಏರಿಸಿದ ಮೇಲೆ ಆ ರಾಶಿಯಿಂದ ಏನು ತಿಳಿಯಿತು ಎಂದು ಕೇಳಿದರೆ ಉತ್ತರವಿಲ್ಲ. ತುಂಬುವ ಕೂಲಿ ಇಲ್ಲಿ, ಓದುವ ಸಂಬಳ ಬೆಂಗಳೂರಲ್ಲಿ. ಕೂಲಿಗೆಂದು ಗುಳೇ ಹೋಗುವ ಜಿಲ್ಲೆಗೆ ಇದು ಇನ್ನೊಂದು ಗುಳೇ ಅಷ್ಟೆ.

ಫಿಟ್ಟರನಿಗೇಕೆ?

ದಾರಿ ಇಲ್ಲದಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದವರಿಗೆ ಐಟಿಐಯಲ್ಲಿ ಒಂದು ವರ್ಷದ ‘ಕೋಪಾ’ ಎಂಬ ಕಂಪ್ಯೂಟರ್ ತರಬೇತಿ ಉಂಟು. ರಾಜ್ಯದ 150 ಐಟಿಐಗಳನ್ನು ಸುಮಾರು 4,700 ಕೋಟಿ ರೂಪಾಯಿಯಲ್ಲಿ ಮೇಲ್ದರ್ಜೆಗೇರಿಸಿ, 2022ರ ಜೂನ್ 20ರಂದು ಪ್ರಧಾನಿ ಬೆಂಗಳೂರಿನಲ್ಲಿ ಉದ್ಘಾಟಿಸಿದ್ದೂ ಆಯಿತು. ಇಂದಿನ ಯಂತ್ರ ತನ್ನ ಬಿಸಿ, ನಡುಕ, ಕರೆಂಟು ಎಲ್ಲವನ್ನೂ ತಾನೇ ದಾಖಲಿಸುತ್ತದೆ. ಆ ದಾಖಲೆ ಓದಬಲ್ಲ ಫಿಟ್ಟರ್ ಬೇರಿಂಗ್ ಒಡೆಯುವ ಮೊದಲೇ ಬದಲಿಸುತ್ತಾನೆ. ಓದಲು ಬಾರದವನು ಒಡೆದ ಮೇಲೆ ಸ್ಪ್ಯಾನರ್ ಹಿಡಿದು ಓಡುತ್ತಾನೆ.

ಕಲಿಸುವುದಕ್ಕೆ ಪರದೇಶದ ಉದಾಹರಣೆ ಬೇಡ. ಶಹಾಪುರ–ಯಾದಗಿರಿ ದಾರಿಯ ಮೂರು ತಿಂಗಳ ಟಿಕೆಟ್ ಲೆಕ್ಕವನ್ನು ಯಾರ ಗುರುತೂ ಸಿಗದಂತೆ ಮಾಡಿ ಹುಡುಗರ ಮುಂದಿಡಲಿ. ವ್ಯಕ್ತಿಯ ಮಾಹಿತಿ ಕಾಯಲು 2023ರಲ್ಲೇ ಕಾಯಿದೆ ಬಂದಿದೆ, ಅದೂ ಪಾಠವಾಗಲಿ. ಯಾವ ಹೊತ್ತಿಗೆ ಬಸ್ ತುಂಬುತ್ತದೆ ಎಂದು ಅವರೇ ಹುಡುಕಲಿ.

ಆಮೇಲೆ ಮೇಷ್ಟ್ರು ಕೇಳಬೇಕಾದ ಪ್ರಶ್ನೆ ಒಂದಿದೆ: ಈ ಲೆಕ್ಕದಲ್ಲಿ ಯಾರಿಲ್ಲ? ಬಸ್ ತುಂಬಿದೆಯೆಂದು ಸ್ಟಾಪಿನಲ್ಲೇ ಉಳಿದ ಕಾಲೇಜು ಹುಡುಗಿ ಮಷೀನಿಗೆ ಗೊತ್ತಿಲ್ಲ. ಆಕೆಗೆ ಟಿಕೆಟ್ ಹರಿದಿಲ್ಲ. ರಾಶಿ ಎಷ್ಟೇ ದೊಡ್ಡದಿರಲಿ, ಸ್ಟಾಪಿಗೆ ಹೋಗಿ ತಲೆ ಎಣಿಸದೆ ಸತ್ಯ ಪೂರ್ತಿ ಸಿಗದು.

ಅಂಗಡಿಯವರಿಗೆ ಇದು ಹೊಸದಲ್ಲ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ವರ್ಷದ ವಹಿವಾಟು ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ಅದು ಸರಿ. ಆದರೆ ಖಾತೆಗೆ ಬಿದ್ದ ಹಣ ತೆರಿಗೆ ಇಲ್ಲದ ಹಾಲು, ತರಕಾರಿಯದೋ, ಬೀಗರು ಕೊಟ್ಟ ಕೈಗಡವೋ ಎಂದು ಕ್ಯೂಆರ್ ಕೋಡ್ ಹೇಳುತ್ತದೆಯೇ? ಗಲಾಟೆಯಾಯಿತು. ಹಳೇ ಬಾಕಿ ವಸೂಲಿ ಮಾಡುವುದಿಲ್ಲ ಎಂದು ಮುಖ್ಯಮಂತ್ರಿಯೇ ಹೇಳಬೇಕಾಯಿತು. ಲೆಕ್ಕ ಓದಬಲ್ಲ ಒಬ್ಬ ಹುಡುಗ ಅಂಗಡಿಯಲ್ಲಿದ್ದರೆ ಮಾರಾಟದ ಹಣ ಬೇರೆ, ಮನೆಯ ಹಣ ಬೇರೆ ಎಂದು ಮೊದಲೇ ವಿಂಗಡಿಸಿಡುತ್ತಿದ್ದ.

ಮಗನನ್ನೋ ಮಗಳನ್ನೋ ಐಟಿಐಗೆ ಸೇರಿಸುವ ತಂದೆತಾಯಿ ಈ ಸಲ ಫೀಜು ಕೇಳುವ ಜೊತೆಗೆ ಇನ್ನೊಂದು ಮಾತು ಕೇಳಲಿ: ‘ಬರೇ ಟೈಪ್ ಹೊಡ್ಯೋದು ಕಲಿಸ್ತೀರೋ, ಲೆಕ್ಕ ಓದೋದೂ ಕಲಿಸ್ತೀರೋ?’ ಹತ್ತು ಮಂದಿ ಕೇಳಿದರೆ ಸಂಸ್ಥೆಯವರು ಉತ್ತರ ಹುಡುಕಲೇಬೇಕಾಗುತ್ತದೆ.