ಯಾರನ್ನೂ ತೆಗೆಯಲ್ಲ, ಆದ್ರೂ ಕುರ್ಚಿ ಖಾಲಿ! ಸರ್ಕಾರಿ ಸಿಬ್ಬಂದಿ ಕಡಿತ ಆಗೋದು ಹೇಗೆ?

‘ಇಲಾಖೆಯಲ್ಲಿ ಸಿಬ್ಬಂದಿ ಕಡಿತ’ ಅಂತ ಸುದ್ದಿ ಬಂದ್ರೆ, ಎಷ್ಟು ಜನರ ಕೆಲಸ ಹೋಯ್ತು ಅಂತ ಕೇಳ್ತೀವಿ. ಆದರೆ ಕಾಯಂ ನೌಕರರನ್ನು ಸುಲಭವಾಗಿ ತೆಗೆಯಲು ಬರಲ್ಲ. ಕಡಿತ ನಡೆಯೋದು ಬೇರೆ ದಾರಿಯಲ್ಲಿ.

ಮೂರು ದಾರಿ

ಒಂದು, ನಿವೃತ್ತರಾದವರ ಜಾಗಕ್ಕೆ ಹೊಸಬರನ್ನು ತೆಗೆದುಕೊಳ್ಳದಿರುವುದು. ವರ್ಷಗಟ್ಟಲೆ ಖಾಲಿ ಬಿದ್ದ ಹುದ್ದೆಯನ್ನು ಆಮೇಲೆ ರದ್ದು ಮಾಡೋದು ಸುಲಭ. ಎರಡು, ಹಣ ಕೊಟ್ಟು ಸ್ವಯಂ ನಿವೃತ್ತಿ ಕೊಡಿಸುವುದು. ಮೂರು, ಅದೇ ಕೆಲಸವನ್ನು ಹೊರಗುತ್ತಿಗೆಗೆ ಕೊಡುವುದು.

ಬಿಎಸ್‌ಎನ್‌ಎಲ್‌ನಲ್ಲಿ ಆಗಿದ್ದೇನು?

2000ರ ಅಕ್ಟೋಬರ್‌ವರೆಗೆ ಟೆಲಿಫೋನ್ ಸೇವೆ ಕೇಂದ್ರದ ಇಲಾಖೆಯ ಕೈಯಲ್ಲೇ ಇತ್ತು. ಆಮೇಲೆ ಬಿಎಸ್‌ಎನ್‌ಎಲ್ ಕಂಪನಿ ಆಯ್ತು. 2019ರ ಹೊತ್ತಿಗೆ ಅದರ ಆದಾಯದ ಸುಮಾರು ಮುಕ್ಕಾಲು ಪಾಲು ಸಂಬಳಕ್ಕೇ ಹೋಗ್ತಿತ್ತು. 50 ವರ್ಷ ದಾಟಿದವರಿಗೆ ಸರ್ಕಾರ ಸ್ವಯಂ ನಿವೃತ್ತಿ ಯೋಜನೆ ತಂತು. ಮುಗಿಸಿದ ಪ್ರತಿ ವರ್ಷದ ಸೇವೆಗೆ 35 ದಿನದ ಸಂಬಳ, ಉಳಿದ ಪ್ರತಿ ವರ್ಷಕ್ಕೆ 25 ದಿನದ ಸಂಬಳ ಅನ್ನೋ ಲೆಕ್ಕ. 2020ರ ಜನವರಿ 31ರಂದು 78,569 ಮಂದಿ ಒಂದೇ ದಿನ ಹೊರಬಂದರು. ಅಂದರೆ ಅರ್ಧದಷ್ಟು ಸಿಬ್ಬಂದಿ!

ಲಾಭ ಆಯ್ತಾ? ಕಂಪನಿಯ ನಷ್ಟ 2019-20ರಲ್ಲಿ ಸುಮಾರು 15,500 ಕೋಟಿ ರೂ. ಇತ್ತು, ಮರುವರ್ಷ 7,441 ಕೋಟಿಗೆ ಇಳಿಯಿತು. ಆದರೆ ಕಂಬ, ಕೇಬಲ್ ಹಾಗೇ ಉಳಿದವು. ಲೈನ್ ರಿಪೇರಿ ಗುತ್ತಿಗೆದಾರರ ಪಾಲಾಯ್ತು. ಫೈಬರ್ ಕನೆಕ್ಷನ್‌ ಕೊಡೋ ಕೆಲಸ ಬಹುಪಾಲು ಕೇಬಲ್ ಆಪರೇಟರ್‌ಗಳಂಥ ಸ್ಥಳೀಯ ಪಾಲುದಾರರಿಗೆ ಹೋಯ್ತು.

ನಮಗೇನು ಸಂಬಂಧ?

ಜನ ಕಡಿಮೆಯಾದರೂ ಕೆಲಸ ಕಡಿಮೆಯಾಗಲ್ಲ. ಅಂಗಡಿ ಲೈಸೆನ್ಸ್, ಪಹಣಿ ತಿದ್ದುಪಡಿ, ಸರ್ವೆ ಅರ್ಜಿ ಬರ್ತಾನೇ ಇರುತ್ತೆ. ಒಬ್ಬರೇ ಎರಡು-ಮೂರು ಕಡೆ ‘ಪ್ರಭಾರ’ ನೋಡಿಕೊಂಡರೆ, ‘ಸಾಹೇಬ್ರು ಇವತ್ತು ಬರಲ್ಲ, ನಾಳೆ ಬನ್ನಿ’ ಅನ್ನೋ ಉತ್ತರ ಖಾಯಂ. ಬಾಗಿಲು ಮುಚ್ಚಿ ಬಂದ ವ್ಯಾಪಾರಿಗೆ ಆ ದಿನದ ವ್ಯಾಪಾರವೂ ಹೋಯ್ತು.

ನೀವು ಏನು ಮಾಡಬಹುದು?

ನಿಮ್ಮ ತಾಲೂಕು ಕಚೇರಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂ., ಬಿಪಿಎಲ್ ಕುಟುಂಬಕ್ಕೆ ಉಚಿತ. ಮೂರೇ ಪ್ರಶ್ನೆ ಕೇಳಿ: ಮಂಜೂರಾದ ಹುದ್ದೆ ಎಷ್ಟು? ಖಾಲಿ ಎಷ್ಟು, ಯಾವಾಗಿನಿಂದ? ಆ ಕೆಲಸ ಈಗ ಯಾರು ನೋಡ್ತಿದ್ದಾರೆ? 30 ದಿನದೊಳಗೆ ಉತ್ತರ ಕೊಡಬೇಕು. ಅರ್ಜಿ ಕೊಟ್ಟಾಗ ಸಕಾಲ ಸಂಖ್ಯೆ ಕೇಳಿ ಪಡೆಯಿರಿ, ತಡವಾದ್ರೆ ಮೇಲ್ಮನವಿಗೆ ಅದೇ ಆಧಾರ.

ಖಾಲಿ ಹುದ್ದೆ ತುಂಬಿ ಅಂತ ಕೇಳೋಕೆ ಅವಕಾಶ ಇರೋದು, ಅದು ರದ್ದಾಗೋ ಮುಂಚೆ.